ಎರಡನೇ ಮಗ್ಗುಲು

ಅಕ್ಟೋಬರ್ 9, ಗುರುವಾರ

ನಾದಿನಿ ಮಂಜುಳಾ ಹಾಸನದಿಂದ ಬಂದು ಹೋದಳು. ಅಣ್ಣನಿಗೆಂದು ಒಂದು ಚೀಲ ಕಿತ್ತಳೆ ತಂದಿದ್ದಳು. ಇವರಿಗೆ ಕಿತ್ತಳೆ ಕೊಡುವಂತಿಲ್ಲ, ತೊಳೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವಳಿಗೆ ಹೇಳಲಿಲ್ಲ. ಹೋದ ಮೇಲೆ ನಾನೇ ಎರಡು ಸುಲಿದು ತಿಂದೆ. ಹುಳಿ ಇತ್ತೋ ಸಿಹಿ ಇತ್ತೋ ಗೊತ್ತಾಗಲಿಲ್ಲ.

ಇವರಿಗೆ ಜುಲೈನಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಿಗ್ಗೆ ಹೋದವು. ಆವತ್ತಿನಿಂದ ನಾನು ಎದ್ದು ಇವರ ಮೈ ಒರೆಸಿ, ಗಂಜಿ ಕುಡಿಸಿ, ಗಾಡಿ ಹತ್ತಿ ಬಾಣಾವರದ ಅಂಚೆ ಕಚೇರಿಗೆ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಅರಸೀಕೆರೆಗೆ ವಾಪಸು ಬಂದು ಮತ್ತೆ ಮೈ ಒರೆಸುತ್ತೇನೆ. ಹಗಲು ಹೊತ್ತು ರುಕ್ಮಿಣಮ್ಮ ನೋಡಿಕೊಳ್ಳುತ್ತಾಳೆ. ಮಕ್ಕಳಿಲ್ಲ.

ಹಾಸನದಲ್ಲಿ ಇಂಥವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಮನೆ ಇದೆಯಂತೆ. ನರ್ಸುಗಳಿದ್ದಾರೆ, ಕೈಕಾಲು ಆಡಿಸುವವರಿದ್ದಾರೆ. ಹೊಸ ವರ್ಷಕ್ಕೆ ಒಂದು ಹಾಸಿಗೆ ಖಾಲಿಯಾಗುತ್ತದಂತೆ. ಅದು ಹೇಗೆ ಈಗಲೇ ಗೊತ್ತು ಎಂದು ನಾನು ಕೇಳಲಿಲ್ಲ.

“ಅತ್ತಿಗೆ, ನಾನೇನು ಅಣ್ಣನ್ನ ತಳ್ಳಿಬಿಡಿ ಅಂತಿಲ್ಲ. ನನ್ನ ಮನೆಗೆ ಹತ್ರ ಇರುತ್ತೆ, ದಿನಾ ಹೋಗಿ ನೋಡ್ತೀನಿ. ನೀವೂ ಮನುಷ್ಯರೇ ಅಲ್ವಾ?”

“ಸರಿ” ಎಂದೆ.

“ಸರಿ ಅಂದ್ರೆ?”

“ಸರಿ ಅಂದ್ರೆ ಸರಿ. ಕಳಿಸೋಣ.”

ನಾನು ಅಳುತ್ತೇನೆ, ಇಲ್ಲವೇ ಜಗಳ ತೆಗೆಯುತ್ತೇನೆ ಎಂದುಕೊಂಡು ಸಿದ್ಧವಾಗಿ ಬಂದಿದ್ದಳು ಪಾಪ. ಎರಡೂ ಇಲ್ಲವಾದಾಗ ಅವಳೇ ಸ್ವಲ್ಪ ಅತ್ತು, ಆರು ಗಂಟೆ ಬಸ್ಸಿಗೆ ಹೋದಳು.


ಅಕ್ಟೋಬರ್ 12, ಭಾನುವಾರ

ಮಾತು ಕಲಿಸುವ ಹುಡುಗಿ ವಾರಕ್ಕೊಮ್ಮೆ ಬರುತ್ತಾಳೆ. ಇವರು ದಿನಾ ಏನೇನು ಹೇಳುತ್ತಾರೆ, ಯಾವಾಗ ಹೇಳುತ್ತಾರೆ ಬರೆದಿಡಿ ಎಂದಿದ್ದಾಳೆ. ಈ ಬರವಣಿಗೆ ಶುರುವಾದದ್ದೇ ಅದಕ್ಕೆ. ಬರೆಯುವುದಕ್ಕೇನಿದೆ, ಇರುವುದು ಒಂದೇ ಪದ. ಕಾಫಿ ಬೇಕಾದರೆ ಸರ್ಕೊ. ಫ್ಯಾನು ಹಾಕಬೇಕಾದರೆ ಸರ್ಕೊ. ನೊಣ ಕೂತರೆ ಸರ್ಕೊ. ನಿನ್ನೆ ರುಕ್ಮಿಣಮ್ಮ ಬುದ್ಧನ ಪಟದ ಧೂಳು ಒರೆಸುತ್ತಿದ್ದಾಗ ಪಟವನ್ನೇ ನೋಡಿಕೊಂಡು ಸರ್ಕೊ ಅಂದರಂತೆ. “ಯಾರ್ಗಂದ್ರೋ ಗೊತ್ತಾಗ್ನಿಲ್ಲ ಅಮ್ಮಾವ್ರೆ, ನಾನೇ ಸರ್ಕಂಡೆ” ಎಂದಳು.

ಈ ಪದವೇ ಯಾಕೆ ಉಳಿಯಿತು ಎಂದು ಹುಡುಗಿ ಕೇಳಿದಳು. ಹೇಳಿದೆ. ಇವರು ಹೈಸ್ಕೂಲಿನಲ್ಲಿ ಚಿತ್ರಕಲಾ ಮೇಷ್ಟ್ರು, ಜವರಪ್ಪ ಮೇಷ್ಟ್ರು ಎಂದರೆ ಊರಿಗೆಲ್ಲ ಗೊತ್ತು. ಆದರೆ ಜೀವ ಇದ್ದದ್ದು ಸಿನಿಮಾದಲ್ಲಿ. ಅದೂ ಎಂಟು ಮಿಲಿಮೀಟರ್ ಫಿಲಮು, ನನ್ನ ಕಿರುಬೆರಳಿನ ಉಗುರಿನಷ್ಟು ಅಗಲದ್ದು. ಕೀಲಿ ಕೊಟ್ಟು ಓಡಿಸುವ ಒಂದು ಹಳೇ ಕ್ಯಾಮೆರಾ ಇದೆ. ಅದರಲ್ಲಿ ಇಪ್ಪತ್ತು ವರ್ಷದಿಂದ ಹಳೇಬೀಡಿನ ಗುಡಿಯ ಹೊರಗೋಡೆ ತೆಗೆಯುತ್ತಿದ್ದಾರೆ. ಒಳಗೆ ಯಾಕೆ ಹೋಗಲ್ಲ ಎಂದರೆ, “ನಮ್ಮ ತಾತಂದಿರನ್ನ ಹೊರಗೇ ನಿಲ್ಲಿಸಿದ್ರು. ನೋಡೋಂಥದ್ದೆಲ್ಲ ಹೊರಗೇ ಐತೆ ಅಂತ ಅವರಿಗೆ ಗೊತ್ತಿರ್ಲಿಲ್ಲ ಪಾಪ” ಎಂದು ನಗುತ್ತಿದ್ದರು. ತೆಗೆಯುವ ಮೊದಲು ನಾನು ಗೋಡೆಯ ಮುಂದೆ ನಿಲ್ಲಬೇಕು. ಟೈಲರ್ ಟೇಪಿನ ಒಂದು ತುದಿ ಕ್ಯಾಮೆರಾಕ್ಕೆ, ಇನ್ನೊಂದು ನನ್ನ ಮೂಗಿಗೆ. ಬೆಳಕಿನ ಮೀಟರು ನನ್ನ ಕೆನ್ನೆಗೆ. ದೂರ, ಬೆಳಕು ಎರಡೂ ಸರಿಯಾದ ಮೇಲೆ ‘ಸರ್ಕೊ’ ಎನ್ನುತ್ತಿದ್ದರು. ನಾನು ಸರಿಯುತ್ತಿದ್ದೆ, ಆಮೇಲೆ ಕ್ಯಾಮೆರಾ ಓಡುತ್ತಿತ್ತು. ಹತ್ತು ರೀಲಿಗೆ ಮೂಗು ಕೊಟ್ಟಿದ್ದೇನೆ, ಒಂದರಲ್ಲೂ ನಾನಿಲ್ಲ.

“ಎಷ್ಟು ರೊಮ್ಯಾಂಟಿಕ್ ಆಂಟಿ!” ಎಂದಳು ಹುಡುಗಿ. ಅವಳಿಗಿನ್ನೂ ಮದುವೆಯಾಗಿಲ್ಲ.


ಅಕ್ಟೋಬರ್ 21, ಮಂಗಳವಾರ

ಹಬ್ಬದ ರಜೆ. ಷಡಕ್ಷರಪ್ಪನವರು ಬಂದಿದ್ದರು. ಕೊಬ್ಬರಿ ಮಂಡಿಯವರು, ಇವರ ಸಿನಿಮಾ ಹುಚ್ಚಿಗೆ ಜೊತೆಗಾರರು. ಮಂಡಿಯ ಹಿಂದಿನ ಗೋಡೌನಿನಲ್ಲಿ ತಿಂಗಳಿಗೊಂದು ದಿನ ಹಳೇ ಕಪ್ಪು ಬಿಳುಪಿನ ಚಿತ್ರಗಳನ್ನು ತೋರಿಸುವ ‘ಚಿತ್ರ ಬಳಗ’ವನ್ನು ಇಬ್ಬರೂ ಸೇರಿ ಕಟ್ಟಿದ್ದು. ಅಲ್ಲಿಂದ ಬಂದವರ ಮೈಯೆಲ್ಲ ಕೊಬ್ಬರಿ ವಾಸನೆ ಹೊಡೆಯುತ್ತಿತ್ತು.

ಇವರ ಹತ್ತಿರ ಕೂತು ಅರ್ಧ ಗಂಟೆ ತಾವೇ ಮಾತಾಡಿ, ಆಮೇಲೆ ಅಡುಗೆಮನೆ ಬಾಗಿಲಿಗೆ ಬಂದರು. ಮುಂಬೈಯಲ್ಲಿ ಫಿಲಮು ತೊಳೆದುಕೊಡುವ ಒಬ್ಬನೇ ಒಬ್ಬ ಮನುಷ್ಯ ನವೆಂಬರ್ ಕೊನೆಗೆ ಕೆಲಸ ನಿಲ್ಲಿಸುತ್ತಾನಂತೆ. ಆಮೇಲೆ ತೆಗೆದರೂ ತೊಳೆಯುವವರಿಲ್ಲ.

“ಮೇಷ್ಟ್ರ ಕೊನೇ ರೀಲು ಅರ್ಧ ಆಗಿ ನಿಂತೈತೆ ಕಣಮ್ಮ. ಒಂದು ಮಗ್ಗುಲು ಜೂನ್‌ನಲ್ಲಿ ತೆಗ್ದವ್ರೆ. ಇನ್ನೊಂದು ಮಗ್ಗುಲು ತೆಗೆದು ಕಳಿಸಿಬಿಟ್ರೆ ಪೂರಾ ಆಯ್ತದೆ. ಡಿಸೆಂಬರ್ ಕೊನೇ ಭಾನುವಾರ ಹನ್ನೊಂದು ರೀಲೂ ಒಟ್ಟಿಗೆ ತೋರಿಸೋಣ ಅಂತ. ನಾನೇ ತೆಗೀತಿದ್ದೆ, ಕೈ ನಡುಗ್ತದೆ.”

ಮಗ್ಗುಲು ಎನ್ನುವುದು ಇವರಿಬ್ಬರ ಮಾತು. ಕ್ಯಾಮೆರಾಕ್ಕೆ ಹಾಕುವ ಫಿಲಮು ಹದಿನಾರು ಮಿಲಿಮೀಟರ್ ಅಗಲ ಇರುತ್ತದೆ. ಒಂದು ಸಲ ಓಡಿದರೆ ಅರ್ಧ ಅಗಲಕ್ಕೆ ಮಾತ್ರ ಚಿತ್ರ ಬೀಳುತ್ತದೆ. ಆಮೇಲೆ ಬಿಚ್ಚಿ, ರೀಲನ್ನು ತಿರುಗಿಸಿ ಹಾಕಿ ಇನ್ನೊಂದು ಸಲ ಓಡಿಸಿದರೆ ಉಳಿದರ್ಧಕ್ಕೆ ಬೀಳುತ್ತದೆ. ತೊಳೆಯುವವನು ಉದ್ದಕ್ಕೆ ಸೀಳಿ ಎರಡನ್ನೂ ಜೋಡಿಸಿ ಕೊಡುತ್ತಾನೆ. ನಾನೂ ದಿನಕ್ಕೆ ಐದಾರು ಸಲ ಇವರ ಮಗ್ಗುಲು ಬದಲಿಸುತ್ತೇನೆ, ಬೆನ್ನಿಗೆ ಹುಣ್ಣಾಗಬಾರದು ಎಂದು.

ನಾನೇ ತೆಗೆಯುತ್ತೇನೆ ಎಂದೆ. ಷಡಕ್ಷರಪ್ಪನವರ ಕಣ್ಣಲ್ಲಿ ನೀರು ಬಂತು. ನನ್ನ ಲೆಕ್ಕವೇ ಬೇರೆ. ಇದೊಂದು ಮುಗಿದರೆ ಎಲ್ಲ ಡಬ್ಬಿಗೆ ಹಾಕಿ ಆ ಕೋಣೆಗೆ ಬೀಗ ಹಾಕಬಹುದು, ಹೊಸ ವರ್ಷಕ್ಕೆ ಇವರನ್ನೂ ಕಳಿಸಿಬಿಡಬಹುದು. ಅರ್ಧ ಕೆಲಸ ಬಿಟ್ಟು ಕಳಿಸಿದಳು ಎನ್ನುವ ಮಾತು ಬೇಡ.


ಅಕ್ಟೋಬರ್ 30

ಏನೂ ಇಲ್ಲ. ಸರ್ಕೊ, ಬೆಳಿಗ್ಗೆ ನಾಲ್ಕೈದು ಸಲ. ಮಧ್ಯಾಹ್ನದ್ದು ರುಕ್ಮಿಣಮ್ಮ ಎಣಿಸಿಲ್ಲ.


ನವೆಂಬರ್ 4, ಮಂಗಳವಾರ

ಸಂಜೆ ಷಡಕ್ಷರಪ್ಪನವರು ಕ್ಯಾಮೆರಾ ಪಾಠ ಮಾಡಿದರು. ಕೆಟ್ಟುಹೋದ ಒಂದು ಹಳೇ ರೀಲು ಹಾಕಿ, ಬಿಚ್ಚಿ, ತಿರುಗಿಸಿ, ಮತ್ತೆ ಹಾಕಿ. ಕಣ್ಣು ಮುಚ್ಚಿಕೊಂಡೂ ಹಾಕಲು ಬರಬೇಕು, ಬೆಳಕಿನಲ್ಲಿ ತೆರೆದರೆ ಫಿಲಮು ಹಾಳು. ಒಂದು ಸಲ ಕೀಲಿ ಕೊಟ್ಟರೆ ಅರ್ಧ ನಿಮಿಷ ಓಡುತ್ತದೆ. ಒಂದು ಮಗ್ಗುಲು ಎಂದರೆ ಎರಡು ನಿಮಿಷ, ಅಷ್ಟೆ.

ಇವರು ಮಂಚದ ಮೇಲೆ ಒರಗಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ತಪ್ಪು ಮಾಡಿದಾಗಲೆಲ್ಲ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದರು. ಆಮೇಲೆ, “ಬಡೀತಾ ಇರಿ, ಮಂಚ ಮುರಿದ್ರೆ ನೆಲದ ಮೇಲೆ ಮಲಗೋರು ನೀವೇ” ಎಂದೆ. ಷಡಕ್ಷರಪ್ಪನವರು ನಕ್ಕರು.

ಬಳಗಕ್ಕೆ ಹೊಸಬರು ಬಂದಾಗ ಇವರೊಂದು ಆಟ ತೋರಿಸುತ್ತಿದ್ದರು. ನೂರು ವರ್ಷದ ಹಿಂದೆ ರಷ್ಯಾದಲ್ಲಿ ಮಾಡಿದ್ದಂತೆ. ಇವರು ಅದನ್ನೇ ಅರಸೀಕೆರೆಗೆ ತಕ್ಕಂತೆ ಮಾಡಿಕೊಂಡಿದ್ದರು. ಷಡಕ್ಷರಪ್ಪನವರ ಮುಖ, ಅದರಲ್ಲಿ ಏನೂ ಇಲ್ಲ. ಆಮೇಲೆ ಬಿಸಿ ಮುದ್ದೆ. ಮತ್ತೆ ಅದೇ ಮುಖ, ಆಮೇಲೆ ಚಟ್ಟ. ಮತ್ತೆ ಅದೇ ಮುಖ, ಆಮೇಲೆ ತೊಟ್ಟಿಲು. ನೋಡಿದವರು ಎಂಥಾ ನಟ, ಹಸಿವು ನೋಡಿ, ದುಃಖ ನೋಡಿ, ಮಮತೆ ನೋಡಿ ಎನ್ನುತ್ತಿದ್ದರು. ಮೂರರಲ್ಲೂ ಇದ್ದದ್ದು ಒಂದೇ ಫಿಲಮಿನ ತುಂಡು. ಅದನ್ನು ತೆಗೆಯುವಾಗ ಷಡಕ್ಷರಪ್ಪನವರು ಕೊಬ್ಬರಿ ರೇಟು ಯೋಚಿಸುತ್ತಿದ್ದರಂತೆ.

ಈಗ ನನ್ನದು ಆ ಮುಖ. ರುಕ್ಮಿಣಮ್ಮ ನೋಡಿದರೆ “ಅಮ್ಮಾವ್ರಿಗೆ ಎಷ್ಟು ಧೈರ್ಯ” ಎನ್ನುತ್ತಾಳೆ. ಮಂಜುಳಾ ಫೋನಿನಲ್ಲಿ ಯಾರಿಗೋ “ಅತ್ತಿಗೆ ಕಲ್ಲಾಗಿಬಿಟ್ಟವ್ರೆ” ಎಂದದ್ದು ಕೇಳಿಸಿತು. ಕಚೇರಿಯಲ್ಲಿ, ಮೇಡಂ ಈಚೆಗೆ ಬಹಳ ಶಾಂತವಾಗಿದ್ದಾರೆ ಎನ್ನುತ್ತಾರೆ. ಪಕ್ಕದಲ್ಲಿ ಏನಿಟ್ಟು ನೋಡುತ್ತಾರೋ ಅದು ಕಾಣುತ್ತದೆ. ಒಳಗೇನಿದೆ ಎಂದು ನನ್ನನ್ನು ಕೇಳಿದರೆ ಹೇಳಲು ಏನೂ ಇಲ್ಲ.


ನವೆಂಬರ್ 9, ಭಾನುವಾರ

ಬಸ್ತಿಹಳ್ಳಿಗೆ ಹೋಗಿ ಬಂದೆವು. ಹೋಗಿ ಬಂದೆ ಎಂದು ಬರೆಯಬೇಕಿತ್ತು, ಆದರೆ ಇವರೂ ಬಂದರು.

ನಾನೊಬ್ಬಳೇ ಹೋಗುವುದೆಂದಿತ್ತು. ಬೆಳಿಗ್ಗೆ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿದ್ದು ನೋಡಿ ಇವರು ಸರ್ಕೊ, ಸರ್ಕೊ ಎಂದು ಗಲಾಟೆ ಶುರು ಮಾಡಿದರು. ಕಾಫಿಯಲ್ಲ, ನೀರಲ್ಲ, ಫ್ಯಾನಲ್ಲ. ಕೊನೆಗೆ ಓಮ್ನಿ ಓಡಿಸುವ ಚನ್ನೇಶನೇ, “ಮೇಷ್ಟ್ರೂ ಬತ್ತೀನಿ ಅಂತವ್ರೆ ಕಣಮ್ಮ, ಅಷ್ಟೂ ಗೊತ್ತಾಗಲ್ವಾ?” ಎಂದ. ಇಬ್ಬರೂ ಸೇರಿ ಎತ್ತಿ ಸೀಟಿನ ಮೇಲೆ ಕೂರಿಸಿ, ಬೀಳದಂತೆ ನನ್ನ ಹಳೇ ಸೀರೆಯಿಂದ ಕಟ್ಟಿದೆವು. ಗಾಲಿಕುರ್ಚಿ ಮಡಚಿ ಹಿಂದೆ. ಜಾವಗಲ್ ದಾಟುವವರೆಗೂ ಕಿಟಕಿಯಾಚೆ ನೋಡುತ್ತಲೇ ಇದ್ದರು. ಜುಲೈ ಆದ ಮೇಲೆ ಮನೆ ಬಿಟ್ಟದ್ದು ಆಸ್ಪತ್ರೆಗೆ ಮಾತ್ರ ಎಂದು ನನಗೆ ಆಗ ಹೊಳೆಯಿತು.

ಹತ್ತು ರೀಲು ಹಳೇಬೀಡಿನ ಗೋಡೆ. ಆನೆ, ಕುದುರೆ, ಹಂಸ, ಬಳ್ಳಿ, ಯುದ್ಧ, ಕುಣಿಯುವವರು, ಒಂದು ಗೇಣು ಜಾಗ ಖಾಲಿ ಇಲ್ಲ. ಅಷ್ಟು ನೋಡಿದ ಕಣ್ಣಿಗೆ ಕೊನೆಯಲ್ಲಿ ಏನೂ ಇಲ್ಲದ ಗೋಡೆ ಬೇಕು ಎಂದು ಇವರು ಹನ್ನೊಂದನೆಯದಕ್ಕೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಗೆ ಬಂದದ್ದು. ಜೂನ್‌ನಲ್ಲಿ ಬಂದಾಗಲೂ ನನ್ನನ್ನು ನಿಲ್ಲಿಸಿ ಅಳತೆ ತೆಗೆದಿದ್ದರು. ಬಸ್ಸು ತಪ್ಪುತ್ತದೆ ಎಂದು ನಾನು ಗೊಣಗುತ್ತಿದ್ದೆ. ಅವರು ಎಲ್ಲಿ ಮಂಡಿಯೂರಿದ್ದರು, ನಾನು ಎಲ್ಲಿ ನಿಂತಿದ್ದೆ, ಎರಡೂ ನನಗೆ ಚೆನ್ನಾಗಿ ಗೊತ್ತು. ಈ ಕಲೆಯಲ್ಲಿ ನನಗೆ ಗೊತ್ತಿರುವುದು ಅದೊಂದೇ.

ಓಮ್ನಿಯೊಳಗೆ ಕಂಬಳಿ ಹೊದ್ದುಕೊಂಡು ರೀಲು ಹಾಕಿದೆ, ಎರಡನೇ ಮಗ್ಗುಲು. ನಾನು ಕ್ಯಾಮೆರಾ ಹಿಡಿದರೆ ಗೋಡೆ ಮುಂದೆ ನಿಲ್ಲುವವರು ಯಾರು? ಇವರನ್ನೇ ಕುರ್ಚಿಯಲ್ಲಿ ಕೂರಿಸಿ ಅಲ್ಲಿಗೆ ತಳ್ಳಿದೆವು. ಟೇಪಿನ ತುದಿ ಅವರ ಮೂಗಿಗೆ, ಹತ್ತು ಅಡಿ. ಮೀಟರು ಕೆನ್ನೆಗೆ. ಚನ್ನೇಶ ಕುರ್ಚಿ ಪಕ್ಕಕ್ಕೆಳೆದ. ನಾಲ್ಕು ಸಲ ಕೀಲಿ ಕೊಟ್ಟು ಖಾಲಿ ಗೋಡೆ ತೆಗೆದೆ. ಕೈ ನಡುಗಲಿಲ್ಲ, ಉಸಿರೂ ಆಡಲಿಲ್ಲ. ಮುಗಿಯಿತು ಎಂದು ಕ್ಯಾಮೆರಾ ಕೆಳಗಿಳಿಸಿ ನೋಡುತ್ತೇನೆ, ಲೆನ್ಸಿನ ಮುಚ್ಚಳ ತೆಗೆದೇ ಇಲ್ಲ.

ಈ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ಚಿತ್ರ ಬೀಳುವ ಲೆನ್ಸು ಬೇರೆ. ಮುಚ್ಚಳ ಇದ್ದರೂ ನನಗೆಲ್ಲ ಕಾಣಿಸುತ್ತಿತ್ತು. ಇವರು ದೂರದಿಂದ ಕುರ್ಚಿಯ ತೋಳು ಬಡಿದದ್ದು ಅದಕ್ಕೇ ಇರಬೇಕು. ನಾನು ಸೆಕೆಗೆ ಬಡಿಯುತ್ತಿದ್ದಾರೆ ಅಂದುಕೊಂಡಿದ್ದೆ.

ತಲೆ ಕೆಡಿಸಿಕೊಳ್ಳಲಿಲ್ಲ. ಖಾಲಿ ಓಡಿದೆ ತಾನೆ, ಇನ್ನೊಂದು ಸಲ ಓಡಿಸಿದರಾಯಿತು. ಮತ್ತೆ ಕಂಬಳಿಯೊಳಗೆ ಹೋಗಿ, ಬಿಚ್ಚಿ, ಪಾಠದಲ್ಲಿ ಕಲಿತ ಹಾಗೆ ತಿರುಗಿಸಿ ಹಾಕಿದೆ. ಅಷ್ಟರಲ್ಲಿ ಬಿಸಿಲು ಸರಿದಿತ್ತು, ಬೆಳಕು ಮತ್ತೆ ಅಳೆಯಬೇಕು. ಚನ್ನೇಶ ಟೀಗೆ ಹೋಗಿದ್ದ. ನಾನೇ ಕುರ್ಚಿಯನ್ನು ಗೋಡೆ ಮುಂದಕ್ಕೆ ತಳ್ಳಿದೆ. ಹಿಂದಿನ ದಿನದ ಮಳೆಗೆ ಹುಲ್ಲು ಹಸಿಯಾಗಿತ್ತು, ಗಾಲಿ ಇಳಿದು ಕೂತಿತು.

ಮೀಟರು ಹಿಡಿಯಲು ಬಗ್ಗಿದಾಗ ಇವರ ಮುಖ ನೋಡಿದೆ. ದಿನಾ ಒರೆಸುವ ಮುಖವೇ. ಬಲಗಡೆ ಬಾಯಿ ಇಳಿದಿದೆ. ಬೆಳಿಗ್ಗೆ ಕ್ಷೌರ ಮಾಡುವಾಗ ಗದ್ದದ ಕೆಳಗೆ ನಾಲ್ಕು ಬಿಳಿ ಕೂದಲು ಬಿಟ್ಟಿದ್ದೇನೆ. ಎಡಗಣ್ಣಿನ ಪಕ್ಕ ಒಂದು ಸಣ್ಣ ಗಾಯದ ಗುರುತಿದೆ, ಯಾವಾಗಿನದೋ, ಇಷ್ಟು ವರ್ಷ ನಾನು ಕಂಡೇ ಇರಲಿಲ್ಲ. ಮಾತಿಲ್ಲದ ಕಾಲದ ಚಿತ್ರಗಳಲ್ಲಿ ಮುಖವೇ ಊರು, ಮುಖವೇ ಹವಾಮಾನ ಎಂದು ಗೋಡೌನಿನಲ್ಲಿ ಇವರು ಭಾಷಣ ಮಾಡುವಾಗ ನಾನು ಹಿಂದಿನ ಸಾಲಿನಲ್ಲಿ ಸೊಪ್ಪು ಬಿಡಿಸುತ್ತಿದ್ದೆ.

ಇವರನ್ನು ಸರಿಸಲು ನೋಡಿದೆ, ಗಾಲಿ ಕದಲಲಿಲ್ಲ. ಚನ್ನೇಶನ ಸುಳಿವಿಲ್ಲ. ಮೋಡ ಬರುತ್ತಿತ್ತು. ಸರಿಸುವ ಗೋಜು ಬೇಡವೆಂದು ಹಾಗೇ ತೆಗೆದೆ. ಎರಡು ನಿಮಿಷ ಇವರು ನನ್ನನ್ನೇ, ಎಂದರೆ ಲೆನ್ಸನ್ನೇ, ನೋಡುತ್ತ ಕೂತಿದ್ದರು. ಖಾಲಿ ಗೋಡೆ ಬೇಕಿತ್ತು, ಗಂಡ ಸಿಕ್ಕಿದ. ಷಡಕ್ಷರಪ್ಪನವರಿಗೆ ಏನಾದರೊಂದು ಹೇಳಿದರಾಯಿತು.

ವಾಪಸು ಬರುವಾಗ ಹಳೇಬೀಡಿನಲ್ಲಿ ಎಳನೀರು ಕುಡಿದೆವು. ಇವರಿಗೆ ಚಮಚದಲ್ಲಿ ಕುಡಿಸಿದೆ. ಇಷ್ಟೊಂದು ಬರೆದಿದ್ದೇನೆ ಎಂದು ಈಗ ನೋಡಿದೆ.


ನವೆಂಬರ್ 10, ಸೋಮವಾರ

ಪಾರ್ಸೆಲ್ ನಾನೇ ಕಟ್ಟಿ, ನಾನೇ ತೂಗಿ, ನಾನೇ ಮುದ್ರೆ ಒತ್ತಿದೆ. ಮುಂಬೈ.


ನವೆಂಬರ್ 24, ಸೋಮವಾರ

ಮುಂಬೈಯವನು ಮಧ್ಯಾಹ್ನ ಫೋನ್ ಮಾಡಿದ. ಕೌಂಟರಿನಲ್ಲಿ ಜನ ಇದ್ದರು. ಅವನ ಹಿಂದಿ ನನಗೆ ಅರ್ಧ ಅರ್ಥವಾಯಿತು, ಆ ಅರ್ಧವೇ ಸಾಕಾಯಿತು. ಒಂದು ಮಗ್ಗುಲು ಪೂರಾ ಕಪ್ಪು, ಏನೂ ಬಿದ್ದಿಲ್ಲ. ಇನ್ನೊಂದರಲ್ಲಿ ಒಂದರ ಮೇಲೊಂದು ಎರಡು ಸಲ ಬಿದ್ದಿದೆ.

ತಿರುಗಿಸಿ ಹಾಕಿದೆನಲ್ಲ, ಅಲ್ಲಿ ತಪ್ಪಿದ್ದು. ಮುಚ್ಚಳ ಹಾಕಿಕೊಂಡು ಓಡಿಸಿದ್ದು ಎರಡನೇ ಮಗ್ಗುಲು. ಅದನ್ನು ತಿರುಗಿಸಿದರೆ ಮತ್ತೆ ಬರುವುದು ಮೊದಲನೇ ಮಗ್ಗುಲೇ. ಇವರು ಜೂನ್‌ನಲ್ಲಿ ತೆಗೆದದ್ದರ ಮೇಲೆಯೇ ನಾನು ತೆಗೆದಿದ್ದೇನೆ. ದಿನಾ ಐದಾರು ಸಲ ಮಗ್ಗುಲು ಬದಲಿಸುವ ನನಗೆ ಅಷ್ಟು ಲೆಕ್ಕ ಬರಲಿಲ್ಲ.

ಇವರ ಕೈ ಕೊನೆಯದಾಗಿ ಮಾಡಿದ ಕೆಲಸ ಅದು, ಇನ್ನು ಮಾಡುವುದಿಲ್ಲ. ನಾನು ಕೆಡಿಸಿದೆ. ಅಳು ಬರಬೇಕಿತ್ತು. ಮನಿಯಾರ್ಡರ್ ಕಟ್ಟುವ ಮುದುಕಿಗೆ ಫಾರಂ ತುಂಬಿಸಿಕೊಟ್ಟೆ.


ನವೆಂಬರ್ 27

ಇವರಿಗೆ ಹೇಳಿಲ್ಲ. ಷಡಕ್ಷರಪ್ಪನವರಿಗೆ ಫೋನಿನಲ್ಲಿ ಹೇಳಿದೆ. “ಹತ್ತು ರೀಲೇ ತೋರಿಸೋಣ ಬಿಡಮ್ಮ” ಎಂದರು. ಬೈದಿದ್ದರೆ ಚೆನ್ನಾಗಿತ್ತು.


ಡಿಸೆಂಬರ್ 5

ಸರ್ಕೊ. ಸರ್ಕೊ. ಸರ್ಕೊ.


ಡಿಸೆಂಬರ್ 13, ಶನಿವಾರ

ಮಂಜುಳಾ ಬಂದಿದ್ದಳು. ಆ ಮನೆಯವರು ಬಟ್ಟೆಗೆಲ್ಲ ಹೆಸರು ಬರೆದು ಕಳಿಸಿ ಎಂದಿದ್ದಾರಂತೆ, ಒಗೆಯುವಾಗ ಅದಲುಬದಲಾಗುತ್ತದೆ. ಇಬ್ಬರೂ ಕೂತು ಬನಿಯನ್ನು, ಪಂಚೆ, ಟವೆಲ್ಲುಗಳ ಮೂಲೆಯಲ್ಲಿ ಅಳಿಸದ ಪೆನ್ನಿನಿಂದ ಜವರಪ್ಪ, ಜವರಪ್ಪ, ಜವರಪ್ಪ ಎಂದು ಬರೆದೆವು. ಮದುವೆಯಾದ ಮೇಲೆ ಇವರ ಹೆಸರನ್ನು ಇಷ್ಟು ಸಲ ಬರೆದದ್ದು ಇದೇ ಮೊದಲು. ಜನವರಿ ಎರಡನೇ ತಾರೀಕು ಇವರನ್ನು ಕರೆದೊಯ್ಯಲು ಗಾಡಿ ಬರುತ್ತದೆ.

ಇವರು ಮಂಚದಿಂದ ನೋಡುತ್ತಿದ್ದರು. ತಟ್ಟಲಿಲ್ಲ, ಬಡಿಯಲಿಲ್ಲ, ಆ ಒಂದು ಪದವನ್ನೂ ಹೇಳಲಿಲ್ಲ. ಮಾತು ಕಲಿಸುವ ಹುಡುಗಿಗೆ ಇವತ್ತಿನದು ಏನೂ ಬರೆಯುವಂತಿಲ್ಲ.

ರುಕ್ಮಿಣಮ್ಮ ಹೋಗುವಾಗ, “ಅಯ್ನೋರು ಬೆಳಗಿಂದ ಗಂಜಿ ಮುಟ್ಟಿಲ್ಲ” ಎಂದಳು. ನಾನು ಕುಡಿಸಲು ಹೋದರೆ ಬಾಯಿ ಮುಚ್ಚಿಕೊಂಡರು. ಕೋಪ ಬಂತು. ನಿಮಗೇನು, ಕೂತಲ್ಲಿ ಸಿಟ್ಟು ಮಾಡಬಹುದು, ನಾನು ಯಾರ ಮೇಲೆ ಮಾಡಲಿ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆದರೆ ಕೋಪ ಬಂದದ್ದು ಹೌದು.


ಡಿಸೆಂಬರ್ 16

ಮುಂಬೈಯಿಂದ ಪಾರ್ಸೆಲ್ ಬಂತು. ಬೀರುವಿನ ಮೇಲಿಟ್ಟೆ.


ಡಿಸೆಂಬರ್ 21, ಭಾನುವಾರ

ಬೆಳಿಗ್ಗೆ ಪ್ರೊಜೆಕ್ಟರಿನ ಧೂಳು ಒರೆಸುತ್ತಿದ್ದೆ. ಮುಂದಿನ ಭಾನುವಾರ ಗೋಡೌನಿಗೆ ಕಳಿಸಬೇಕಲ್ಲ. ಇವರು ನೋಡಿದರು, ಬೀರುವಿನ ಮೇಲಿದ್ದ ಪಾರ್ಸೆಲ್ ಕಡೆ ಎಡಗೈ ತೋರಿಸಿದರು. ನಾನು ಕಾಣದವಳಂತೆ ಇದ್ದೆ. ಮತ್ತೆ ತೋರಿಸಿದರು. ಎಷ್ಟು ದಿನದಿಂದ ಅದನ್ನೇ ನೋಡುತ್ತ ಮಲಗಿದ್ದರೋ.

“ಅದು ಕೆಟ್ಟೋಗಿದೆ ಕಣ್ರೀ” ಎಂದೆ. “ನಿಮ್ಮದರ ಮೇಲೇ ತೆಗೆದುಬಿಟ್ಟಿದ್ದೀನಿ. ಮುಚ್ಚಳ ಹಾಕ್ಕೊಂಡು ಒಂದು ಸಲ ಓಡಿಸಿ, ಆಮೇಲೆ ತಿರುಗಿಸಿ...” ಪೂರ್ತಿ ಹೇಳಿದೆ. ಇವರ ಕೈ ಕೆಳಗಿಳಿಯಲಿಲ್ಲ.

ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ, ಮಂಚದ ಎದುರು ಗೋಡೆಯ ಕ್ಯಾಲೆಂಡರು ತೆಗೆದು, ಪ್ರೊಜೆಕ್ಟರ್ ಹಚ್ಚಿದೆ. ಚಿತ್ರ ಬಿಳಿಚಿಕೊಂಡಿತ್ತು, ಎರಡು ಸಲದ ಬೆಳಕು ಬಿದ್ದದ್ದಲ್ಲವೆ. ಬಸದಿಯ ಗೋಡೆ ಕಾಣಿಸಿತು. ಅದರ ಮುಂದೆ ಗಾಲಿಕುರ್ಚಿಯಲ್ಲಿ ಇವರು, ಅದು ನನಗೆ ಗೊತ್ತಿದ್ದದ್ದೇ. ಇವರ ಎದೆಯಿಂದ ಮೇಲಕ್ಕೆ ಇನ್ನೊಬ್ಬರು ನಿಂತಿದ್ದರು. ಯಾರೋ ಹೆಂಗಸು, ಬಸದಿ ನೋಡಲು ಬಂದವಳು ಅಡ್ಡ ಬಂದಿದ್ದಾಳೆ ಎಂದುಕೊಂಡೆ. ಅವಳು ಮೂಗಿನ ತುದಿಗೆ ಟೇಪು ಹಿಡಿದುಕೊಂಡಿದ್ದಳು.

ಜೂನ್‌ನಲ್ಲಿ ಇವರು ಖಾಲಿ ಗೋಡೆ ತೆಗೆದಿರಲಿಲ್ಲ. ನನ್ನನ್ನು ತೆಗೆದಿದ್ದರು. ಆ ನೂಲಿನ ಸೀರೆ, ಹೆಗಲಿಗೆ ಬ್ಯಾಗು. ಒಂದು ಕೈಯಲ್ಲಿ ಟೇಪು ಹಿಡಿದು ಇನ್ನೊಂದು ಕೈಯಲ್ಲಿ ಬಿಸಿಲಿಗೆ ಹಣೆ ಮರೆ ಮಾಡಿಕೊಂಡಿದ್ದೇನೆ. ಬಾಯಿ ಆಡುತ್ತಿದೆ. ಧ್ವನಿ ಇಲ್ಲದಿದ್ದರೂ ಏನೆಂದು ನನಗೆ ಗೊತ್ತು: ಆಯ್ತೇನ್ರೀ, ಬಸ್ಸು ಹೋಗುತ್ತೆ, ಆಯ್ತೇನ್ರೀ. ಆವತ್ತು ಸರ್ಕೊ ಎಂದಿರಲೇ ಇಲ್ಲ. ಕೊನೆಗೆ ‘ನಡಿ ಹೋಗೋಣ’ ಎಂದಿದ್ದರು, ನಾನು ಗಮನಿಸಿರಲಿಲ್ಲ. ಯಾಕೆ ಹಾಗೆ ಮಾಡಿದರು ಎಂದು ಈಗ ಕೇಳುವಂತಿಲ್ಲ. ಮರೆತಿದ್ದಿರಬಹುದು. ತಮಾಷೆಗಿರಬಹುದು. ಕೇಳಿದರೆ ಬರುವುದು ಒಂದೇ ಪದ.

ನಾನು ನಿಂತ ಜಾಗದಲ್ಲೇ ಇವರನ್ನು ಕೂರಿಸಿದ್ದೆ, ಇವರು ಮಂಡಿಯೂರಿದ ಜಾಗದಲ್ಲೇ ನಾನು ಊರಿದ್ದೆ. ಅದೇ ಹತ್ತು ಅಡಿ. ಅವರ ತಲೆ ಸರಿಯಾಗಿ ನನ್ನ ಸೆರಗಿನ ಹತ್ತಿರ ಬಂದಿತ್ತು. ನನ್ನ ಹೊಟ್ಟೆಯೊಳಗಿಂದ ಇವರು ನೋಡುತ್ತಿದ್ದಾರೆ. ನಾನು ಅಲುಗಿದಾಗ ಇವರ ಮುಖ ನನ್ನ ಸೀರೆಯ ನೆರಿಗೆಯಲ್ಲಿ ಮುಚ್ಚಿ ತೆರೆಯುತ್ತಿತ್ತು. ನಮ್ಮಿಬ್ಬರನ್ನೂ ಒಟ್ಟಿಗೆ ಯಾರೂ ಯಾವತ್ತೂ ಸಿನಿಮಾ ತೆಗೆದಿರಲಿಲ್ಲ. ತೆಗೆಯುವವರು ಒಬ್ಬರು, ಅಳತೆಗೆ ನಿಲ್ಲುವವರು ಇನ್ನೊಬ್ಬರು, ಇಬ್ಬರೂ ಒಂದೇ ಕಡೆ ಇರುವುದಾದರೂ ಹೇಗೆ?

ಯಾವಾಗ ಎದ್ದು ಗೋಡೆಯ ಹತ್ತಿರ ಹೋದೆನೋ ಗೊತ್ತಿಲ್ಲ. ಹಿಂದಿನಿಂದ ಇವರು, “ಸರ್ಕೊ!” ಎಂದರು.

ನನ್ನ ನೆರಳು ಇಡೀ ಚಿತ್ರಕ್ಕೆ ಬಿದ್ದಿತ್ತು. ಜುಲೈನಿಂದ ಇವರು ಹೇಳಿದ ಸಾವಿರ ಸರ್ಕೊಗಳಲ್ಲಿ ಇದೊಂದಕ್ಕೆ ಅದರದೇ ಅರ್ಥ ಇತ್ತು. ನನ್ನನ್ನು ನೋಡುವುದಕ್ಕೆ ನಾನೇ ಅಡ್ಡ ನಿಂತಿದ್ದೆ. ಬಾಯಿಗೆ ಬಂದಂತೆ ಬೈದೆ. ಇಪ್ಪತ್ತು ವರ್ಷದಿಂದ ಸರ್ಕೊ ಸರ್ಕೊ ಅಂತೀರಲ್ಲ, ಎಲ್ಲಿಗೆ ಅಂತ ಸರ್ಕೊಳ್ಳಲಿ, ಹಾಸನಕ್ಕೆ ಹೋಗ್ತಿರೋರು ನೀವು, ನಾನಲ್ಲ, ಅಲ್ಲಿ ನಿಮ್ಮ ಈ ಒಂದು ಪದ ಯಾರಿಗೆ ಅರ್ಥ ಆಗುತ್ತೆ ಅಂದೆ. ಬೈಯುತ್ತಲೇ ಅತ್ತೆ. ಜೋರಾಗಿ, ಬೀದಿಗೆ ಕೇಳುವಷ್ಟು. ಇವರ ಅರ್ಧ ಬಾಯಿ ನಗುತ್ತಿತ್ತು, ಎರಡೂ ಕಣ್ಣಲ್ಲಿ ನೀರಿತ್ತು.

ಎರಡು ನಿಮಿಷದ ಫಿಲಮು, ಬೈಯುವುದರಲ್ಲಿ ಮುಗಿದೇ ಹೋಗುತ್ತದೆ. ಓಡಿ ಹೋಗಿ ಸುತ್ತಿ ಮತ್ತೆ ಮೊದಲಿಂದ ಹಚ್ಚಿದೆ. ಮಂಚದ ಹತ್ತಿರ ಬಂದು, “ಸ್ವಲ್ಪ ಸರ್ಕೊಳ್ಳಿ” ಎಂದೆ.

ಎಡಮೊಣಕೈ ಊರಿ, ಉಸಿರು ಬಿಗಿಹಿಡಿದು, ಸರಿದರು. ನಾಲ್ಕು ಬೆರಳಿನಷ್ಟು. ನಾನು ಆ ಜಾಗದಲ್ಲಿ ಕೂತೆ.

ಚಿತ್ರ ಮುಗಿದು ಕಪ್ಪು ಮಗ್ಗುಲು ಬಂತು. ಅದೂ ಎರಡು ನಿಮಿಷ, ಏನೂ ಇಲ್ಲದ್ದು. ಪ್ರೊಜೆಕ್ಟರ್ ನಿಲ್ಲಿಸಲು ಏಳಲಿಲ್ಲ.


ಡಿಸೆಂಬರ್ 28, ಭಾನುವಾರ

ಗೋಡೌನಿನಲ್ಲಿ ಹತ್ತು ರೀಲು ತೋರಿಸಿದರು. ಜನ ಚೆನ್ನಾಗಿ ಬಂದಿದ್ದರು, ಇವರನ್ನು ಮುಂದಿನ ಸಾಲಿಗೆ ತಳ್ಳಿಕೊಂಡು ಹೋದೆವು. ಹನ್ನೊಂದನೆಯದು ಎಲ್ಲಿ ಎಂದು ಕೇಳಿದವರಿಗೆ ಷಡಕ್ಷರಪ್ಪನವರು, ಅದು ಅವರ ಮನೇದು ಕಣ್ರಪ್ಪ ಎಂದರು. ನಾನು ಸೊಪ್ಪು ತಂದಿರಲಿಲ್ಲ, ಹತ್ತೂ ನೋಡಿದೆ. ಏಳನೆಯದು ಬಹಳ ಚೆನ್ನಾಗಿದೆ. ಸಂಜೆ ಬಿಸಿಲು ಆನೆಗಳ ಸಾಲಿನ ಮೇಲೆ ಸರಿಯುವುದನ್ನು ಅಲುಗಾಡದೆ ತೆಗೆದಿದ್ದಾರೆ, ಆನೆಗಳೇ ನಡೆದಂತೆ ಕಾಣುತ್ತದೆ. ಮನೆಗೆ ಬಂದು ಹಾಗೆಂದು ಹೇಳಿದೆ. ಇಷ್ಟು ದಿನಕ್ಕೆ ಗೊತ್ತಾಯ್ತಾ ಎನ್ನುವಂತೆ ನೋಡಿದರು.


ಡಿಸೆಂಬರ್ 30, ಮಂಗಳವಾರ

ಮಂಜುಳಾಗೆ ಫೋನ್ ಮಾಡಿ ಗಾಡಿ ಬೇಡ ಎಂದೆ. ಅವಳಿಗೆ ಸಿಟ್ಟು ಬಂತು, ಬರಬೇಕಾದದ್ದೇ. ಹಾಸಿಗೆಗೆ ಹೇಳಿ ಕಾಯ್ದಿರಿಸಿದ್ದಾಳೆ, ಅಷ್ಟು ಬಟ್ಟೆಗೆ ಹೆಸರು ಬರೆದಿದ್ದಾಳೆ.

“ಮಾತು ಬದಲಾಯಿಸೋದು ಸುಲಭ ಅತ್ತಿಗೆ. ಎತ್ತಿ ಇಳಿಸೋರು ಯಾರು? ನಿಮ್ಮ ಕೈಲಿ ಆಗುತ್ತಾ, ನಿಜ ಹೇಳಿ?”

“ಆಗಲ್ಲ” ಎಂದೆ.

“ಮತ್ತೆ?”

“ಆಗಲ್ಲ ಕಣೇ ಮಂಜು. ಆಗದೇ ಇದ್ರೂ ಇಲ್ಲೇ ಇರ್ಲಿ.”